ಪೂಜೆಯಿಂದ ಇಳಿಯದ ಪುಸ್ತಕ

ಕಪಿಲೆಯ ದಂಡೆಯಲ್ಲಿ ಒಂದು ಹೆಂಚಿನ ಮನೆ. ಅಲ್ಲಿ ಅಕ್ಕಯ್ಯ ಇದ್ದರು. ಊರವರು ಆ ಮನೆಯನ್ನು ಆಶ್ರಮ ಎನ್ನುತ್ತಿದ್ದರು. ಅಕ್ಕಯ್ಯ ಅಡುಗೆಮನೆ ಎನ್ನುತ್ತಿದ್ದರು.

ಸೋಮವಾರ ಯಾರು ಬಂದರೂ ಅಲ್ಲಿ ಊಟ. ಆದರೆ ಊಟಕ್ಕೆ ಮೊದಲು ಏನಾದರೊಂದು ಕೆಲಸ ಮಾಡಬೇಕು. ಕಾಲಿಗೆ ಬೀಳಲು ಬಗ್ಗಿದವರ ಕೈಗೆ ಅಕ್ಕಯ್ಯ ಪೊರಕೆ ಕೊಡುತ್ತಿದ್ದರು. ಹೇಗೂ ಬಗ್ಗಿದ್ದೀಯಲ್ಲ, ಗುಡಿಸು ಅನ್ನುತ್ತಿದ್ದರು. ಅದಕ್ಕೇ ದೊಡ್ಡ ಮನುಷ್ಯರು ಆ ಕಡೆ ಸುಳಿಯುತ್ತಿರಲಿಲ್ಲ.

ನಾಗವೇಣಿ ತಪ್ಪದೆ ಬರುತ್ತಿದ್ದಳು. ಎರಡು ಮಕ್ಕಳ ತಾಯಿ. ಗಂಡ ಸೋಮಶೇಖರನದು ಸ್ಕೂಟರು, ಬೈಕು ರಿಪೇರಿಯ ಗ್ಯಾರೇಜು. ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಅವಳ ಮದುವೆಯಾಯಿತು. ಆಮೇಲೆ ಬಸುರಿ, ಬಾಣಂತಿ, ಮತ್ತೆ ಬಸುರಿ. ಮೂರು ಪೇಪರು ಉಳಿದವು. ಉಳಿದೇ ಹೋದವು.

ದೀಪಾವಳಿ ಕಳೆದು ಅವರೆಕಾಯಿ ಬರುವ ಕಾಲ. ಒಂದು ಸೋಮವಾರ ನಾಗವೇಣಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕಡ್ಡಿಯನ್ನು ಪಾತ್ರೆಗೆ ಹಾಕುತ್ತಿದ್ದಳು, ಸೊಪ್ಪನ್ನು ಕಸಕ್ಕೆ ಎಸೆಯುತ್ತಿದ್ದಳು.

"ಇವತ್ತು ನಮಗೆಲ್ಲ ಕಡ್ಡಿ ಸಾರೇನೇ?" ಅಂದರು ಅಕ್ಕಯ್ಯ.

ನಾಗವೇಣಿ ಕೈ ನಿಲ್ಲಿಸಿದಳು.

"ಅಕ್ಕಯ್ಯ, ನನ್ನದೊಂದು ಆಸೆ ಬಿಟ್ಟುಹೋಗಲಿ ಅಂತ ಆಶೀರ್ವಾದ ಮಾಡಿ."

"ಯಾವ ಆಸೆ?"

"ಡಿಗ್ರಿ ಆಸೆ. ಹಳಬರು ಬಾಕಿ ಪೇಪರು ಬರೆಯೋಕೆ ಯೂನಿವರ್ಸಿಟಿಯವರು ಕೊನೇ ಅವಕಾಶ ಕೊಟ್ಟಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ. ಈ ಸಲ ತಪ್ಪಿದರೆ ಮತ್ತೆ ಇಲ್ಲ. ಬೇಕಾದರೆ ಮೊದಲಿಂದ ಸೇರಿ ಎಲ್ಲ ಓದಬೇಕಂತೆ."

"ಬರಿ."

"ಬಿಡುವೆಲ್ಲಿದೆ ಅಕ್ಕಯ್ಯ? ಬೆಳಿಗ್ಗೆ ಎದ್ದರೆ ಮಕ್ಕಳು, ತಿಂಡಿ, ಡಬ್ಬಿ. ಅತ್ತೆಗೆ ಮಂಡಿ ನೋವು. ಇವರು ಗ್ಯಾರೇಜಿಂದ ಬಂದರೆ ಬಟ್ಟೆಯೆಲ್ಲ ಗ್ರೀಸು. ಆಗೋದಿಲ್ಲ ಅಂತ ಗೊತ್ತು. ಗೊತ್ತಿದ್ದೂ ಮನಸ್ಸು ಅಲ್ಲೇ ಸುತ್ತುತ್ತೆ. ಅದಕ್ಕೇ ತ್ಯಾಗ ಮಾಡಿಬಿಡೋಣ ಅಂತ."

ಅಕ್ಕಯ್ಯ ಕಸದಲ್ಲಿದ್ದ ಸೊಪ್ಪನ್ನು ಆರಿಸಿ ಪಾತ್ರೆಗೆ ಹಾಕಿದರು.

"ತ್ಯಾಗ ಮಾಡೋದನ್ನ ಮುಂದಿನ ಸೋಮವಾರ ತಗೊಂಡು ಬಾ. ಕೈಯಲ್ಲಿ ಹಿಡಿಯದೆ ಇದ್ದದ್ದನ್ನ ಬಿಡೋಕಾಗಲ್ಲ."

ಮುಂದಿನ ಸೋಮವಾರ ನಾಗವೇಣಿ ಒಂದು ಗಂಟು ಎತ್ತಿಕೊಂಡು ಬಂದಳು. ಕೆಂಪು ರವಿಕೆ ಕಣದಲ್ಲಿ ಸುತ್ತಿದ್ದಳು. ಬಿಚ್ಚಿದರೆ ದಪ್ಪನೆಯ ಇತಿಹಾಸದ ಪುಸ್ತಕ, ಅದರ ಕೆಳಗೆ ಅರ್ಥಶಾಸ್ತ್ರ, ಕನ್ನಡ. ರಟ್ಟಿನ ಮೇಲೆ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಅಂಚಿಗೆಲ್ಲ ಅರಿಶಿನ. ಒಳಗಿನಿಂದ ಬಾಡಿದ ಸೇವಂತಿಗೆಯೊಂದು ಉದುರಿತು. ತೀರ್ಥ ಬಿದ್ದು ಮೊದಲ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಯಾವ ದೇವರೇ ಇದು?" ಅಂದರು ಅಕ್ಕಯ್ಯ.

"ಪುಸ್ತಕ ಅಕ್ಕಯ್ಯ. ಸರಸ್ವತಿ ಅಲ್ವಾ. ಪ್ರತಿ ನವರಾತ್ರಿಗೂ ಪೂಜೆಗೆ ಇಡ್ತೀವಿ. ನಮ್ಮತ್ತೆ ತಾವೇ ಕುಂಕುಮ ಹಚ್ತಾರೆ. ನಮ್ಮನೇಲಿ ಓದಿಗೆ ಯಾರೂ ಅಗೌರವ ಮಾಡಲ್ಲ."

"ಇದೊಂದನ್ನೇ ಇಡ್ತೀರಾ?"

"ಇಲ್ಲ. ಇವರ ಸ್ಪ್ಯಾನರು, ಸುತ್ತಿಗೆ, ಅಡುಗೆಮನೆ ಈಳಿಗೆಮಣೆ, ಎಲ್ಲ ಸಾಲಾಗಿ."

"ಸ್ಪ್ಯಾನರು ಪೂಜೆಯಿಂದ ಯಾವಾಗ ಇಳೀತು?"

"ವಿಜಯದಶಮಿ ಬೆಳಿಗ್ಗೆ. ಬಾಗಿಲಲ್ಲೇ ಗಿರಾಕಿ ನಿಂತಿದ್ರು."

"ಈಳಿಗೆಮಣೆ?"

"ಅದೂ ಅವತ್ತೇ. ಹಬ್ಬದ ಅಡುಗೆಗೆ ತರಕಾರಿ ಹೆಚ್ಚಬೇಕಲ್ಲ."

"ಪುಸ್ತಕ?"

ನಾಗವೇಣಿ ಉದುರಿದ ಸೇವಂತಿಗೆಯನ್ನು ಎತ್ತಿಕೊಂಡಳು.

"ಅದನ್ನ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಡ್ತೀವಿ," ಅಂದಳು. "ಮುಂದಿನ ನವರಾತ್ರಿಗೆ ಬೇಕಲ್ಲ."

"ಮದುವೆಯಾದಾಗಿಂದ?"

"ಹೂಂ."

"ಇಷ್ಟು ವರ್ಷ ಇಳಿಸದೆ ಇಟ್ಟ ಪೂಜೆ ಅರಮನೆಯಲ್ಲೂ ನಡೆದಿಲ್ಲ ಕಣೇ."

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ನಾಗವೇಣಿಯ ಮುಖ ಕೆಂಪಾಯಿತು.

"ಓದಬಾರದು ಅಂತಿರಲಿಲ್ಲ ಅಕ್ಕಯ್ಯ. ಮುಸುರೆ ಕೈಯಲ್ಲಿ ಪುಸ್ತಕ ಮುಟ್ಟೋಕಾಗುತ್ತಾ? ಕೆಲಸ ಎಲ್ಲ ಮುಗಿಸಿ, ಕೈಕಾಲು ತೊಳೆದು, ಮನಸ್ಸು ಶಾಂತ ಮಾಡ್ಕೊಂಡು ಕೂತು ಓದೋದಲ್ವಾ. ಅಂಥ ಹೊತ್ತು ಬರಲೇ ಇಲ್ಲ."

"ಮನೆ ಕೆಲಸ ಯಾವಾಗ ಮುಗಿಯುತ್ತೆ?"

"ಅದು ಮುಗಿಯುತ್ತಾ!"

"ಗೊತ್ತಿದ್ದೂ ಕಾದೆ."

ಅಕ್ಕಯ್ಯ ಈಳಿಗೆಮಣೆ ಎಳೆದುಕೊಂಡರು. ಮಂಡಿಯಲ್ಲಿ ಒತ್ತಿ ಕೂತರು. ಇತಿಹಾಸದ ಪುಸ್ತಕ ಎತ್ತಿ ಅದರ ಬೆನ್ನನ್ನು ಅಲುಗಿಗೆ ಕೊಟ್ಟರು.

"ಅಯ್ಯೋ! ಅಕ್ಕಯ್ಯ! ಸರಸ್ವತಿ!"

ಅಕ್ಕಯ್ಯ ಕುಂಬಳಕಾಯಿ ಹೆಚ್ಚಿದ ಹಾಗೆ ಹೆಚ್ಚಿದರು. ಅಕ್ಷರಕ್ಕೆ ಅಲುಗು ತಾಗಲಿಲ್ಲ. ಹೊಲಿಗೆ ಹರಿಯಿತು, ರಟ್ಟು ಕಳಚಿತು. ಪುಸ್ತಕ ಸಣ್ಣ ಸಣ್ಣ ಕಟ್ಟುಗಳಾಗಿ ಬಿದ್ದಿತು. ಅದರಲ್ಲಿ ಒಂದನ್ನು ಮಡಿಸಿ ನಾಗವೇಣಿಯ ಕೈಗೆ ತುರುಕಿದರು.

"ಇದನ್ನ ಸೊಂಟಕ್ಕೆ ಸಿಕ್ಕಿಸ್ಕೋ. ಅನ್ನ ಬೇಯೋ ಹೊತ್ತಿಗೆ ಒಂದು ಹಾಳೆ. ಕೊಳಾಯಿ ನೀರು ತುಂಬೋ ಹೊತ್ತಿಗೆ ಇನ್ನೊಂದು. ಮುಗಿದ ಮೇಲೆ ಮುಂದಿನ ಕಟ್ಟು ಇಲ್ಲಿಂದ ಒಯ್ಯಿ."

"ಹಾಳು ಮಾಡಿಬಿಟ್ರಿ!" ನಾಗವೇಣಿಯ ಕಣ್ಣಲ್ಲಿ ನೀರು.

"ಬಳಸೋ ವಸ್ತು ಹಾಳಾಗುತ್ತೆ. ಹಾಳಾಗಲಿ."

ಅವಳು ಊಟಕ್ಕೆ ನಿಲ್ಲದೆ ಹೊರಟುಹೋದಳು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಮರುದಿನ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅತ್ತೆಗೆ ಕಾಣದಿರಲೆಂದು ಸೊಂಟಕ್ಕೆ ಸಿಕ್ಕಿಸಿದ್ದ ಕಟ್ಟು ಚುಚ್ಚುತ್ತಿತ್ತು. ತೆಗೆದು ಕಿಟಕಿಯ ಕಟ್ಟೆಯ ಮೇಲೆ ಎಸೆದಳು. ಎಸೆದದ್ದು ತೆರೆದುಕೊಂಡು ಬಿತ್ತು. ಕಣ್ಣು ಅದರ ಮೇಲೆ ಹೋಯಿತು.

ಯಾವನೋ ರಾಜ. ಅವನು ಗೆದ್ದ ಊರುಗಳು, ಕಟ್ಟಿಸಿದ ಕೋಟೆಗಳು, ಅವನ ಬಿರುದುಗಳು. ಸೌಟು ಹಿಡಿದುಕೊಂಡೇ ಓದಿದಳು. ಇಷ್ಟು ದೊಡ್ಡ ದಂಡು ಕಟ್ಟಿಕೊಂಡು ಹೋದನಲ್ಲ, ಅವರಿಗೆಲ್ಲ ಅನ್ನ ಬೇಯಿಸಿದವರು ಯಾರು ಎಂದು ಹುಡುಕಿದಳು. ಹಾಳೆ ತಿರುಗಿಸಿದಳು. ಅಲ್ಲೂ ಇರಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನೊಂದು ಹಾಳೆ ಓದಿದಳು.

ಅನ್ನ ಸೀದುಹೋಯಿತು.

ಸೀದ ವಾಸನೆಗೆ ಅತ್ತೆ ಬಂದರು. ಕತ್ತರಿಸಿದ ಪುಸ್ತಕ ಕಂಡು ಕೆನ್ನೆ ಕೆನ್ನೆ ಬಡಿದುಕೊಂಡರು. ಸಂಜೆಯ ಹೊತ್ತಿಗೆ ಸೋಮಶೇಖರನಿಗೆ ಸುದ್ದಿ ಮುಟ್ಟಿತು.

ಸೋಮವಾರ ಅವನೇ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಳೆ ದಂಡೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

"ನಮ್ಮನೆ ಸರಸ್ವತೀನ ಈಳಿಗೆಮಣೇಲಿ ಕುಯ್ದಿದ್ದೀರಂತೆ?"

"ಕುಯ್ದೆ. ಬಾಪ್ಪಾ, ಕೂತ್ಕೋ."

"ಕೂರೋಕೆ ಬಂದಿಲ್ಲ ನಾನು. ಬೈಯೋಕೆ ಬಂದಿದೀನಿ."

"ಬೈಯಿ. ಆದರೆ ಇಲ್ಲಿ ಬರಿಗೈಲಿ ಬೈಯೋ ಪದ್ಧತಿ ಇಲ್ಲ."

ಅಕ್ಕಯ್ಯ ಅವನ ಮುಂದೆ ಒಂದು ದೊಡ್ಡ ಬೋಗುಣಿ ನೂಕಿದರು. ನೆನೆಹಾಕಿದ ಅವರೆಕಾಳು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಿದುಕಬೇಕು.

"ಹಿದುಕಿದ ಬೇಳೆ ಸಾರು ಅಂದ್ರೆ ನಿನಗೆ ಪ್ರಾಣವಂತೆ. ಹಿದುಕ್ತಾ ಬೈಯಿ."

ಸುತ್ತ ಕೂತ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಎದ್ದು ಹೋದರೆ ಸೋತ ಹಾಗೆ. ಸೋಮಶೇಖರ ಕೂತ.

"ನೀನು ಹೊಳೆ ಮೆಟ್ಟಿಲ ಮೇಲೆ ಕೂತು ಮುಂದಿನ ಕಟ್ಟು ಓದು," ಎಂದು ಅಕ್ಕಯ್ಯ ನಾಗವೇಣಿಯನ್ನು ಅಟ್ಟಿದರು.

ಅವಳು ಹೋಗಿ ಕೂತಳು. ಕಣ್ಣು ಹಾಳೆಯ ಮೇಲೆ, ಕಿವಿ ಹಿಂದಕ್ಕೆ.

"ಓದಬೇಡ ಅಂತ ನಾವು ಯಾವತ್ತಾದ್ರೂ ಅಂದಿದೀವಾ?" ಗಂಡನ ದನಿ ಕೇಳಿಸಿತು. "ಕೆಲಸ ಮುಗಿಸ್ಕೊಂಡು ಓದಲಿ. ಯಾರು ಬೇಡ ಅಂತಾರೆ?"

"ನೀನು ಗ್ಯಾರೇಜಿಗೆ ಹೋಗೋದು ಮನೆ ಕೆಲಸ ಎಲ್ಲ ಮುಗಿಸ್ಕೊಂಡಾ?"

ಸೋಮಶೇಖರ ಸಿಟ್ಟಿನಿಂದ ಕಾಳು ಒತ್ತಿದ. ಬೇಳೆ ಚಿಮ್ಮಿ ಗೋಡೆಗೆ ಬಡಿಯಿತು.

"ಮೆಲ್ಲಗೆ ಒತ್ತಣ್ಣ, ನಟ್ಟು ಬೋಲ್ಟಲ್ಲ ಅದು," ಅಂದಳು ಬೆಳ್ಳುಳ್ಳಿಯ ಹೆಂಗಸು.

"ನೀವು ಏನೇ ಹೇಳಿ," ಅಂದ ಅವನು, "ನಮ್ಮನೇಲಿ ಪುಸ್ತಕಾನ ದೇವರ ಥರ ಇಟ್ಕೊಂಡಿದ್ವಿ."

ಆಗ ಅಕ್ಕಯ್ಯನ ದನಿ ಏರಿತು. ಅವರು ಹಾಗೆ ಮಾತಾಡಿದ್ದನ್ನು ನಾಗವೇಣಿ ಹಿಂದೆ ಕೇಳಿರಲಿಲ್ಲ.

"ಅದೇ ನೋಡು ನಿಮ್ಮ ಬುದ್ಧಿ! ದೇವರು ಮಾಡಿಬಿಟ್ಟರೆ ಒಂದು ಹೂವಲ್ಲಿ ಮುಗೀತು. ಅದಕ್ಕೆ ಹೊತ್ತು ಕೊಡಬೇಕಾಗಿಲ್ಲ, ಜಾಗ ಬಿಡಬೇಕಾಗಿಲ್ಲ. ಪುಸ್ತಕಾನ ದೇವರು ಮಾಡಿ ಅಟ್ಟಕ್ಕೆ ಹಾಕಿದಿರಿ. ಹೆಂಡತೀನ ಮಹಾಲಕ್ಷ್ಮಿ ಮಾಡಿ ಒಲೆ ಮುಂದೆ ನಿಲ್ಲಿಸಿದಿರಿ."

ಹೊಳೆ ಹರಿಯುವ ಸದ್ದು. ಕಾಳು ಹಿದುಕುವ ಸದ್ದು.

ಬಹಳ ಹೊತ್ತಾಯಿತು. ಸೋಮಶೇಖರನ ಉಗುರು ಸಂದಿ ಉರಿಯತೊಡಗಿತು. ಬೇಳೆ ಇನ್ನೂ ಪಾತ್ರೆಯ ತಳ ಮುಚ್ಚಿರಲಿಲ್ಲ. ಅವನಿಗೆ ಅಭ್ಯಾಸಬಲ.

"ನಾಗೂ, ಇಷ್ಟು ಸಾಕಾಗುತ್ತೇನೇ? ಒಂಚೂರು ಬಾ ಇಲ್ಲಿ."

ಮೆಟ್ಟಿಲ ಮೇಲೆ ನಾಗವೇಣಿ ಎದ್ದುಬಿಟ್ಟಳು. ಅವಳಿಗೂ ಅಭ್ಯಾಸಬಲ.

"ಅವಳು ಊರಲ್ಲಿಲ್ಲ," ಅಂದರು ಅಕ್ಕಯ್ಯ.

"ಅಲ್ಲೇ ನಿಂತಿದ್ದಾಳಲ್ರೀ!"

"ನೀನು ಬೈಕಿನ ಕೆಳಗೆ ಮಲಗಿರೋವಾಗ ಅವಳು ಬಂದು ಕೇಳ್ತಾಳಾ, ಅನ್ನಕ್ಕೆ ಎಷ್ಟು ನೀರಿಡಲಿ ಅಂತ? ಅವಳ ಪಾಲಿಗೆ ನೀನು ಊರಲ್ಲಿರಲ್ಲ. ಈಗ ಅವಳೂ ಇಲ್ಲ. ನೀನೇ ನೋಡ್ಕೋ."

ನಾಗವೇಣಿ ನಿಂತಲ್ಲೇ ನಿಂತಳು. ಗಂಡ ನೋಡುತ್ತಿದ್ದ. ಹೆಂಗಸರು ನೋಡುತ್ತಿದ್ದರು. ಅಕ್ಕಯ್ಯ ಮಾತ್ರ ಅವಳ ಕಡೆ ತಿರುಗಲೇ ಇಲ್ಲ.

ಅವಳು ಮತ್ತೆ ಕೂತಳು. ಮದುವೆಯಾದ ಮೇಲೆ ಅವಳು ಮಾಡಿದ ಕೆಲಸಗಳಲ್ಲೆಲ್ಲ ಅದೇ ಕಷ್ಟದ್ದು.

ಅವತ್ತು ಸಾರು ತಡವಾಯಿತು. ಎಲ್ಲರೂ ತಡವಾಗಿಯೇ ಉಂಡರು.

ಹಿಂತಿರುಗುವಾಗ ಸೇತುವೆಯ ಮೇಲೆ ಸೋಮಶೇಖರ ಬೈಕು ನಿಧಾನ ಮಾಡಿದ.

"ಒಂದು ಬಟ್ಟಲು ಬೇಳೆಗೆ ಅಷ್ಟು ಹೊತ್ತಾ?"

"ಹೂಂ."

"ಒಂದು ಮಾತು ಹೇಳಬಾರದಿತ್ತಾ ನೀನು?"

"ನೀವು ಸಾರು ಚೆನ್ನಾಗಿದೆ ಅಂತಿದ್ರಿ. ನಾನು ಸುಮ್ಮನಿರ್ತಿದ್ದೆ."

ಅವನು ಬೈಕು ಜೋರು ಮಾಡಿದ.

ಒಂದು ಬೋಗುಣಿ ಅವರೆಕಾಳಿಗೆ ಯಾವ ಗಂಡಸೂ ಬದಲಾಗುವುದಿಲ್ಲ. ಅವನೂ ಬದಲಾಗಲಿಲ್ಲ. ಆದರೆ ಮರುದಿನ ಸಂಜೆ ನಾಗವೇಣಿ ಹಿತ್ತಿಲ ಕಲ್ಲಿನ ಮೇಲೆ ಕಟ್ಟು ಹಿಡಿದು ಕೂತಿದ್ದಾಗ ಮಗ "ಅಮ್ಮಾ" ಎಂದು ಕೂಗಿಕೊಂಡು ಬಂದ. ಸೋಮಶೇಖರ ಅಡ್ಡ ಬಂದ.

"ಅಮ್ಮ ಊರಲ್ಲಿಲ್ಲ. ಏನು ಬೇಕು, ನನಗೆ ಹೇಳು."

"ಅಲ್ಲೇ ಕೂತಿದ್ದಾಳಲ್ಲಪ್ಪಾ!"

"ಕೂತಿರೋದಲ್ಲ ಅದು, ಹೋಗಿರೋದು. ಬರ್ತಾಳೆ ಇರು."

"ಕಣ್ಣೆದುರು ಇರೋಳನ್ನ ಊರಲ್ಲಿಲ್ಲ ಅಂತಾರೆ, ಇದೆಂಥ ಕಾಲವಪ್ಪ," ಅಂತ ಅತ್ತೆ ಗೊಣಗಿದರು. ಗೊಣಗುತ್ತಲೇ ಮೊಮ್ಮಗನಿಗೆ ತಟ್ಟೆ ಹಾಕಿದರು. ಎಲ್ಲ ದಿನವೂ ಹೀಗೆ ನಡೆಯಲಿಲ್ಲ. ಕೆಲವು ದಿನ ಮಗುವಿಗೆ ಜ್ವರ, ಕೆಲವು ದಿನ ನೆಂಟರು. ಕೆಲವು ದಿನ ಸೋಮಶೇಖರ ಮೊದಲಿನ ಹಾಗೆ ನಾಗೂ ಎಂದು ಕೂಗುತ್ತಿದ್ದ. ನಾಗವೇಣಿ ಅರ್ಧ ಹಾಳೆ ಓದಿ ಸೊಂಟಕ್ಕೆ ಸಿಕ್ಕಿಸುವಳು. ಉಳಿದರ್ಧ ಸಾರು ಕುದಿಯುವಾಗ.

ಆ ನಡುವೆ ಅವಳು ಪರೀಕ್ಷೆಗೆ ಫೀಸು ಕಟ್ಟಿದಳು. ಸೋಮವಾರ ಬಂದರೆ ಹೊಸ ಕಟ್ಟು. ಇತಿಹಾಸ ಮುಗಿದ ಮೇಲೆ ಅರ್ಥಶಾಸ್ತ್ರವನ್ನು, ಆಮೇಲೆ ಕನ್ನಡವನ್ನು ಅವಳೇ ಈಳಿಗೆಮಣೆಗೆ ಕೊಟ್ಟಳು.

ಸಂಕ್ರಾಂತಿ ಕಳೆಯಿತು. ಮೊದಲ ಪರೀಕ್ಷೆಯ ದಿನ ಬಂತು.

ಬೆಳಿಗ್ಗೆ ಅಕ್ಕಯ್ಯ ಅಂಗಳ ಗುಡಿಸುತ್ತಿದ್ದರು. ನಾಗವೇಣಿ ದಾಪುಗಾಲು ಹಾಕುತ್ತ ಬಂದಳು. ಕಂಕುಳಲ್ಲಿ ಹುರಿಯಿಂದ ಬಿಗಿದ ಹಾಳೆಗಳ ಕಟ್ಟು, ಕೈಯಲ್ಲಿ ಹಾಲ್ ಟಿಕೆಟ್ಟು.

"ಅಕ್ಕಯ್ಯ, ಹೊರಡೋ ಮುಂಚೆ ಪುಸ್ತಕ ದೇವರ ಮುಂದಿಟ್ಟು ಪೂಜೆ ಮಾಡು ಅಂದ್ರು ಅತ್ತೆ. ನನಗೆ ಇಡೋಕೆ ಮನಸ್ಸು ಬರಲಿಲ್ಲ. ನೋಡಿ, ಹೇಗೆ ಮಾಡಿಟ್ಟಿದೀನಿ."

ಅಕ್ಕಯ್ಯ ಪೊರಕೆ ಬದಿಗಿಟ್ಟು ಹುರಿ ಬಿಚ್ಚಿದರು. ಒಂದು ಹಾಳೆಯಲ್ಲಿ ಸಾರಿನ ಕಲೆ. ಇನ್ನೊಂದರ ಅಂಚಿನಲ್ಲಿ ಮಗ ಬರೆದ ಬಸ್ಸು. ಮೂಲೆಗಳೆಲ್ಲ ಮಡಿಚಿ ಸವೆದಿದ್ದವು. ಹಾಳೆ ಹಾಳೆಗೂ ಹಳದಿಯ ಬೆರಳಗುರುತು.

"ಈ ಅರಿಶಿನ ನವರಾತ್ರಿದಾ?"

"ಅಲ್ಲ ಅಕ್ಕಯ್ಯ. ಒಗ್ಗರಣೆ ಹಾಕ್ತಾ ಹಾಕ್ತಾ ಕೈ ತೊಳೆಯದೆ ಮುಟ್ಟಿದ್ದು."

ಸೇತುವೆಯ ಆಚೆ ಬಸ್ಸಿನ ಹಾರನ್ನು ಕೇಳಿಸಿತು. ಅಕ್ಕಯ್ಯ ಹಾಳೆಗಳನ್ನು ಜೋಡಿಸಿ, ಹುರಿ ಬಿಗಿದು, ಅವಳ ಕಂಕುಳಿಗೆ ಒತ್ತಿದರು.

"ಪೂಜೆ ಆಗಿದೆ. ಬಸ್ಸು ಹಿಡಿ."