ಮಗುವಿನ ಪಾದದವರೆಗೆ

ಹೊಳೆಯ ದಂಡೆಯ ದಿಣ್ಣೆಯ ಮೇಲಿನ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ಮಾತು ಕಡಿಮೆ. ಉತ್ತರ ಕೇಳಲು ಹೋದವರು ಬಹಳ ಸಲ ಕೆಲಸ ಹಚ್ಚಿಸಿಕೊಂಡು ವಾಪಸು ಬರುತ್ತಿದ್ದರು.

ಅವರ ಶಿಷ್ಯ ಕೇತಯ್ಯನಿಗೆ ಲೆಕ್ಕವೆಂದರೆ ಪ್ರಾಣ. ಆರು ಮಳೆಗಾಲ ಹೊಳೆಯ ನೀರನ್ನು ಅಳೆದಿದ್ದ. ದಂಡೆಯ ಬಂಡೆಯ ಮೇಲೆ ಗೇಣಿಗೊಂದರಂತೆ ಗೆರೆ ಕೊರೆದಿದ್ದ. ನೀರು ಹದಿನೇಳನೆಯ ಗೆರೆ ಮುಟ್ಟಿದರೆ ಮೂರು ಗಳಿಗೆಯೊಳಗೆ ತಗ್ಗಿನ ಅಂಬಿಗರ ಕೇರಿ ಮುಳುಗುತ್ತದೆ. ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಹೋದ ವರ್ಷವೂ ತಪ್ಪಲಿಲ್ಲ. ಕೇರಿಯ ಹನ್ನೊಂದು ಜನ ಹೊಳೆಯ ಪಾಲಾದರು.

"ಮನೆಮನೆಗೆ ಹೋಗಿ ಹೇಳಿದ್ದೆ ಗುರುಗಳೇ," ಎಂದ ಕೇತಯ್ಯ. "ಹದಿನೇಳನೆಯ ಗೆರೆಗೆ ನೀರು ಬಂದರೆ ದಿಣ್ಣೆ ಹತ್ತಿ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

"ಹೊನ್ನವ್ವನನ್ನು ಕೇಳು," ಎಂದರು ಗುರುಗಳು.

ಹೊನ್ನವ್ವ ದೋಣಿ ನಡೆಸುವವಳು. ಆ ನೆರೆಯಲ್ಲಿ ಮೊಮ್ಮಗಳನ್ನು ಕಳೆದುಕೊಂಡವಳು. ಬಲೆ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಬಂಡೆ ನೋಡ್ದೆ ಕಣಪ್ಪ. ಗೆರೆ ಇದ್ವು. ಕೆಳಗಿನವೆಲ್ಲ ನೀರೊಳಗಿದ್ವು. ಹದಿನೇಳನೇದು ಯಾವ್ದು ಅಂತ ಎಲ್ಲಿಂದ ಎಣಿಸ್ಲಿ?"

ಆರು ವರ್ಷದಲ್ಲಿ ಇದೊಂದು ಕೇತಯ್ಯನಿಗೆ ಹೊಳೆದಿರಲಿಲ್ಲ. ಅವನಿಗೆ ಎಣಿಸುವ ಅಗತ್ಯವೇ ಇರಲಿಲ್ಲ. ಒಂದೊಂದು ಗೆರೆಯೂ ಅವನಿಗೆ ಪರಿಚಯದ ಮುಖ.

ಆಶ್ರಮಕ್ಕೆ ಹಿಂತಿರುಗಿ ಗುರುಗಳ ಕಾಲು ಹಿಡಿದ.

"ಈ ಸಲ ಕೇರಿಯ ಒಂದು ಜೀವವೂ ಹೋಗಬಾರದು. ಏನು ಮಾಡಲಿ ಹೇಳಿ."

"ಮಳೆಗೆ ಎಷ್ಟು ದಿನವಿದೆ?"

"ಮೂರು ತಿಂಗಳು."

"ಶಿಲ್ಪಿ ಬಾಗೋಜನಿಗೆ ಹೇಳಿಕಳಿಸಿದ್ದೇನೆ. ಎಷ್ಟು ಬೇಕೋ ಅಷ್ಟು ಜಗಳವಾಡಿ. ಕೆಲಸ ನಿಲ್ಲಿಸಬೇಡಿ."

ಬಾಗೋಜ ಬಂದ. ಕೇತಯ್ಯ ಬಂಡೆ ತೋರಿಸಿ, ಹದಿನೇಳನೆಯ ಗೆರೆಯ ಮೇಲೆ ಬೆರಳಿಟ್ಟು, ನೀರು ಇಲ್ಲಿ ಮುಟ್ಟಿದ್ದು ಕೇರಿಗೆ ಎಣಿಸದೆಯೇ ತಿಳಿಯಬೇಕು ಎಂದು ಹೇಳಿ, ತನ್ನ ಕೆಲಸ ಮುಗಿಯಿತೆಂದು ಆಶ್ರಮಕ್ಕೆ ಹೋಗಿಬಿಟ್ಟ.

ನಾಲ್ಕನೆಯ ದಿನ ಬಂದು ನೋಡಿದರೆ ಬಂಡೆಯ ಮೇಲೆ ಕಾವಿಕಲ್ಲಿನಲ್ಲಿ ಬರೆದ ಒಬ್ಬ ತಾಯಿ ನಿಂತಿದ್ದಾಳೆ. ಎರಡಾಳಿಗೂ ಮೀರಿದ ಎತ್ತರ. ಸೊಂಟದ ಮೇಲೆ ಮಗು. ಕೇತಯ್ಯನಿಗೇ ಒಂದು ಕ್ಷಣ ತನ್ನ ಅವ್ವನ ನೆನಪಾಯಿತು. ಆಮೇಲೆ ಗೆರೆ ಕಣ್ಣಿಗೆ ಬಿತ್ತು.

"ಮಗುವಿನ ಪಾದ ಗೆರೆಗಿಂತ ಒಂದು ಗೇಣು ಮೇಲಿದೆಯಲ್ಲ! ನೀರು ಪಾದ ಮುಟ್ಟುವಷ್ಟರಲ್ಲಿ ಕೇರಿ ಮುಳುಗಿರುತ್ತೆ."

"ತಾಯಿಯ ಮಂಡಿಯ ಮೇಲಕ್ಕೆ ಬರುತ್ತಲ್ಲ ನಿನ್ನ ಗೆರೆ. ಸಾಲದಾ?"

"ಅಂಬಿಗರು ದಿನಾ ಮಂಡಿ ಮುಳುಗುವ ನೀರಲ್ಲಿ ನಿಲ್ಲುತ್ತಾರೆ. ಯಾರು ಹೆದರುತ್ತಾರೆ? ಮಗುವನ್ನು ಇಳಿಸು."

"ಇಳಿಸಿದರೆ ಕೂಸು ಜಾರಿ ಬೀಳುವ ಹಾಗೆ ಕಾಣುತ್ತೆ. ನಿನ್ನ ಗೆರೆಯನ್ನೇ ಏರಿಸು."

"ಹೊಳೆಗೆ ನೀನೇ ಹೇಳು ಹಾಗಾದರೆ. ಇಡೀ ಚಿತ್ರವನ್ನೇ ಕೆಳಗೆ ತರೋಕೆ ಏನು ಕಷ್ಟ?"

"ಕೆಳಗಿನ ಕಲ್ಲು ಬಿರುಕು ಬಿಟ್ಟಿದೆ. ಆಳವಾಗಿ ಉಳಿ ಇಟ್ಟರೆ ಸೀಳುತ್ತೆ."

ಇಬ್ಬರೂ ಮುಖ ಊದಿಸಿಕೊಂಡು ಗುರುಗಳ ಬಳಿಗೆ ಬಂದರು. ಗುರುಗಳು ಕೇತಯ್ಯನ ಕೈಯಿಂದ ಅಳತೆಗೋಲು ಕಿತ್ತು ಬಾಗೋಜನಿಗೆ ಕೊಟ್ಟರು. ಬಾಗೋಜನ ಕಾವಿಕಲ್ಲನ್ನು ಕೇತಯ್ಯನ ಅಂಗೈಗಿಟ್ಟರು.

"ನೀನು ಅಳೆ. ನೀನು ಬರೆ. ಸಂಜೆಗೆ ಬನ್ನಿ," ಎಂದರು.

ಕೇತಯ್ಯ ಬಂಡೆಯ ಇನ್ನೊಂದು ಮಗ್ಗುಲಲ್ಲಿ ಮಗುವನ್ನು ಬರೆಯಲು ಹೋಗಿ ಕುಂಬಳಕಾಯಿ ಬರೆದ. ಎರಡನೆಯ ಸಲ ಬರೆದದ್ದೂ ಕುಂಬಳಕಾಯಿಯೇ, ಸ್ವಲ್ಪ ಸಣ್ಣದು. ಬಾಗೋಜ ನಕ್ಕು ಪಕ್ಕಕ್ಕೆ ಬಂದ.

"ಮೊದಲು ಮುಖ ಹಾಕು. ನಮ್ಮಲ್ಲಿ ಮುಖವೇ ಅಳತೆ. ನಿಂತ ತಾಯಿ ಎಂದರೆ ಒಂಬತ್ತು ಮುಖದೆತ್ತರ. ಸೊಂಟದ ಕೂಸಿನ ಪಾದ ನೆಲದಿಂದ ನಾಲ್ಕು ಮುಖ ಮೇಲೆ."

ಕೇತಯ್ಯನ ಕೈ ನಿಂತಿತು.

"ಮುಖ ಸಣ್ಣದಾದರೆ?"

"ಎಲ್ಲವೂ ಸಣ್ಣದಾಗುತ್ತೆ. ಅಂದ ಕೆಡಲ್ಲ."

"ಮುಖದಲ್ಲಿ ಮೂರು ಬೆರಳು ತೆಗೆ. ಪಾದ ನಾಲ್ಕು ಸಲ ಮೂರು ಬೆರಳು ಇಳಿಯುತ್ತೆ. ಹನ್ನೆರಡು ಬೆರಳು. ಒಂದು ಗೇಣು."

ಮೊದಲು ಬರೆದಷ್ಟು ಎತ್ತರದ ಮೂರ್ತಿಯನ್ನು ಬಾಗೋಜ ಜೀವನದಲ್ಲಿ ಒಮ್ಮೆಯೂ ಕೊರೆದಿರಲಿಲ್ಲ. ಅದು ಅವನ ಆಸೆ. ಕೋಲು ಹಿಡಿದು ಎದ್ದು, ಹೆಜ್ಜೆ ಎಣಿಸುತ್ತ ಹೊನ್ನವ್ವನ ಹೊಸ್ತಿಲವರೆಗೆ ನಡೆದ. ಅಲ್ಲಿ ನಿಂತು ಬಂಡೆಯನ್ನು ನೋಡಿ ಹಿಂತಿರುಗಿದ.

"ಇನ್ನೂರು ಹೆಜ್ಜೆ. ತಾಯಿ ಕಾಣ್ತಾಳೆ, ಕೂಸಿನ ಪಾದ ಕಾಣಲ್ಲ. ನಾನು ಅವಳನ್ನು ಕಿರಿದು ಮಾಡ್ತೀನಿ. ಪಾದ ಮಾತ್ರ ದೊಡ್ಡದು ಮಾಡ್ತೀನಿ. ನೋಡಿದ ಶಿಲ್ಪಿಗಳೆಲ್ಲ ನಗಲಿ." ತಡೆದು ಕೇಳಿದ: "ನಿನ್ನ ಗೆರೆಗಳು? ಅವು ಇದ್ದರೆ ಪಾದ ಅವುಗಳಲ್ಲಿ ಕಳೆದುಹೋಗುತ್ತೆ."

ಆರು ಮಳೆಗಾಲ ಕೇತಯ್ಯ ಎದೆಮಟ್ಟದ ನೀರಲ್ಲಿ ನಿಂತು ಕೊರೆದ ಗೆರೆಗಳು ಅವು. ಆದರೆ ಆಚೆ ಹೊಸ್ತಿಲಲ್ಲಿ ಹೊನ್ನವ್ವ ಬಲೆ ಹೆಣೆಯುತ್ತ ಕುಳಿತಿದ್ದಳು. ಅವನು ಉಳಿ ಇಸಿದುಕೊಂಡು ಮೊದಲ ಗೆರೆಯಿಂದ ಮೆಲ್ಲಗೆ ಕೆರೆದು ಅಳಿಸತೊಡಗಿದ.

ಮಳೆಗೆ ಐದು ದಿನ ಮುಂಚೆ ಮೂರ್ತಿ ಮುಗಿಯಿತು. ಕೂಸಿನ ಪಾದ ನೆನೆದರೆ ದಿಣ್ಣೆ ಹತ್ತಿ ಎಂದು ಕೇತಯ್ಯ ಮತ್ತೆ ಮನೆಮನೆಗೆ ಹೋಗಿ ಹೇಳಿದ. ಕೇರಿಯ ಹೆಂಗಸರು ಬಂದು ನೋಡಿ, ಇಷ್ಟು ದೊಡ್ಡ ಕಾಲಿನ ಕೂಸನ್ನು ಯಾವ ತಾಯಿ ಹೆತ್ತಳೋ ಎಂದು ನಕ್ಕರು. ನಕ್ಕವರೇ ಮಗುವಿನ ಪಾದಕ್ಕೆ ಅರಿಶಿನ ಹಚ್ಚಿ ಹೋದರು.

ಹೊಳೆ ಬಂತು. ಮೂರನೆಯ ದಿನ ಮಧ್ಯಾಹ್ನ, ಒಲೆಯ ಮುಂದಿದ್ದ ಹೊನ್ನವ್ವ ಹೊಸ್ತಿಲಿಗೆ ಬಂದು ಬಂಡೆಯತ್ತ ನೋಡಿದಳು. ಅವಳು ಏನನ್ನೂ ಎಣಿಸಲಿಲ್ಲ.

"ಕೂಸಿನ ಕಾಲು ನೆನೀತಾ ಐತೆ, ಏಳ್ರೋ!"

ಆ ಕೂಗಿಗೆ ಇಡೀ ಕೇರಿ ಎದ್ದಿತು. ಒಲೆಯ ಮೇಲಿನ ಅನ್ನ ಹಾಗೇ ಉಳಿಯಿತು. ಮೂರು ಗಳಿಗೆಗೆ ಸರಿಯಾಗಿ ಕೇರಿ ಮುಳುಗಿದಾಗ ಅಲ್ಲಿ ಒಂದು ಕೋಳಿಯೂ ಇರಲಿಲ್ಲ.

ಆಶ್ರಮದ ಜಗಲಿಯಲ್ಲಿ ಕೇತಯ್ಯ ಎರಡು ಸಲ ತಲೆ ಎಣಿಸಿದ. ಎಲ್ಲರೂ ಇದ್ದರು. ಅವನ ಕಣ್ಣು ತುಂಬಿತು. ಆಚೆ ಬಾಗೋಜ ಯಾರದೋ ಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನನ್ನು ನೋಡಿದಾಗ ಕೇತಯ್ಯನ ಲೆಕ್ಕ ಹಾಕುವ ಹಳೆಯ ಚಾಳಿ ತಲೆ ಎತ್ತಿತು.

"ಗುರುಗಳೇ, ಒಂದು ಮಾತು. ಇವರನ್ನು ಉಳಿಸಿದ್ದು ನನ್ನ ಲೆಕ್ಕವೋ, ಅವನ ಉಳಿಯೋ?"

ಗುರುಗಳು ಹೊಳೆಯ ಕಡೆ ನೋಡಿದರು.

"ನೀರು ಇಳಿಯಲಿ. ಇಬ್ಬರೂ ಹೋಗಿ ಆ ಮಗುವಿನ ಕಾಲಿನ ಕೆಸರು ತೊಳೆದು ಬನ್ನಿ."