ಹಳ್ಳ ಕೂತದ್ದು, ಓತಿಕ್ಯಾತ ತಲೆಯಾಡಿಸಿದ್ದು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಯಾವ ಕಡೆಯಿಂದ ಹುಟ್ಟಬೇಕು ಅನ್ನುವುದು ಸೂರ್ಯನಿಗೆ ಆಗಷ್ಟೇ ರೂಢಿಯಾಗಿತ್ತು. ಗಾಳಿಗೆ ಇನ್ನೂ ಮನೆ ಸಿಕ್ಕಿರಲಿಲ್ಲ. ಈಗಲೂ ಸಿಕ್ಕಿಲ್ಲ, ಅದು ಬೇರೆ ಮಾತು.

ಅಂಥ ಹೊಸ ಲೋಕದಲ್ಲೂ ಒಂದು ಹಳೆಯ ಊರಿತ್ತು. ಅದು ಹೇಗೆ ಅಂತ ಕೇಳಬೇಡಿ. ಹೊಸ ಮನೆಗೆ ಕಾಲಿಟ್ಟ ಮೊದಲ ದಿನವೇ ಮೂಲೆಯಲ್ಲೊಂದು ಹಳೆಯ ಚಾಪೆ ಇರುತ್ತದಲ್ಲ, ಹಾಗೆ.

ಆ ಊರು ಇದ್ದದ್ದು ಒಂದು ಗುಡ್ಡದ ನೆತ್ತಿಯ ಮೇಲೆ. ಗುಡ್ಡವೋ, ಬೋರಲು ಹಾಕಿದ ಬೋಗುಣಿಯ ಹಾಗೆ ನುಣ್ಣಗಿತ್ತು. ಒಂದು ಮೆಟ್ಟಿಲಿಲ್ಲ, ಒಂದು ತಗ್ಗಿಲ್ಲ. ನೆತ್ತಿಯ ಬಂಡೆಯೊಳಗಿಂದ ಒಂದು ಹಳ್ಳ ಹುಟ್ಟುತ್ತಿತ್ತು. ಹೆಣ್ಣು ಹಳ್ಳ. ಗುಡ್ಡದ ಹೊಟ್ಟೆಯೊಳಗಿನ ಬಿಳಿ ಸುಣ್ಣವನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಅದಕ್ಕೇ ಅವಳನ್ನು ಎಲ್ಲರೂ ಬೆಳ್ಳವ್ವ ಅನ್ನುತ್ತಿದ್ದರು.

ಬೆಳ್ಳವ್ವನಿಗೆ ಒಂದೇ ಒಂದು ಕಾಯಿಲೆ: ಅವಸರ. ನೆತ್ತಿಯಿಂದ ಹೊರಟಳೆಂದರೆ ಬುಡ ಮುಟ್ಟುವವರೆಗೆ ನಿಲ್ಲುವ ಮಾತಿಲ್ಲ. ಊರಿನ ಹೆಂಗಸರು ಕೊಡ ಹಿಡಿದರೆ ಕೊಡವನ್ನೂ ಎಳೆದುಕೊಂಡು ಹೋಗುತ್ತಿದ್ದಳು.

"ಒಂದು ಗಳಿಗಿ ನಿಲ್ಲವಾ ತಾಯಿ" ಅಂದರೆ, "ಬಂದೆ, ಬಂದೆ, ಹೋದೆ, ಹೋದೆ" ಅನ್ನುವಷ್ಟರಲ್ಲಿ ಅವಳೂ ಇಲ್ಲ, ಕೊಡವೂ ಇಲ್ಲ.

ಕೊಡಗಳೆಲ್ಲ ಮುಗಿದ ಮೇಲೆ ಊರಿನವರು ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಜಾರಿ ಕೆಳಗಿಳಿದರು. ಬುಡದಲ್ಲಿ ಹೊಸ ಊರು ಕಟ್ಟಿಕೊಂಡರು. ಹೊರಲಾಗದ್ದನ್ನು ಮಾತ್ರ ಬಿಟ್ಟು ಬಂದರು. ಗೋಡೆ, ಕಂಬ, ಒಲೆ, ಮಸಾಲೆ ಅರೆಯುವ ಒಳ್ಳು. ಜಾರುವುದೇನೋ ಸುಲಭ. ಮತ್ತೆ ಹತ್ತಿ ಹೋದವರು ಯಾರೂ ಇರಲಿಲ್ಲ.

ಹೀಗೆ ಮೇಲೆ ಉಳಿದವನು ಓತಿಕ್ಯಾತ ಒಬ್ಬನೇ.

ಅವನಿಗೆ ಬೇಕಾದಷ್ಟು ಗೋಡೆ, ಬೇಕಾದಷ್ಟು ಬಿಸಿಲು. ಮಾತಾಡಲು ಮಾತ್ರ ಯಾರೂ ಇಲ್ಲ. ಆಗೊಮ್ಮೆ ಈಗೊಮ್ಮೆ ಹಕ್ಕಿಗಳು ಬಂದು ಪಾಳು ಊರನ್ನು ನೋಡುತ್ತಿದ್ದವು. "ಇದು ರಾಜನ ಮನೆಯೋ?" ಅಂತ ಗಿಳಿ ಕೇಳಿತು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದ. ಗಿಳಿ ಹಾರಿ ಹೋಯಿತು. ಮರುದಿನ ಗೊರವಂಕ ಬಂದು ಅದೇ ಗೋಡೆ ತೋರಿಸಿ, "ಇದು ಆನೆ ಕಟ್ಟೋ ಜಾಗವೋ?" ಅಂದಿತು. "ಹೌದ್ರಿ, ಹೌದ್ರಿ" ಅಂದ ಓತಿಕ್ಯಾತ, ತಲೆ ಮೇಲೆ ಕೆಳಗೆ ಆಡಿಸುತ್ತ. ಗೊರವಂಕ ಸಂಜೆಯವರೆಗೂ ಕೂತು ಹರಟೆ ಹೊಡೆಯಿತು.

ಅವತ್ತೇ ಅವನು ಪಾಠ ಕಲಿತ. ಹೌದು ಅಂದರೆ ಇರುತ್ತಾರೆ. ಇಲ್ಲ ಅಂದರೆ ಹೋಗುತ್ತಾರೆ.

ಹಕ್ಕಿಗಳಾದರೂ ಎಷ್ಟು ದಿನ ಬಂದಾವು? ಒಮ್ಮೆ ನೋಡಿದ ಮೇಲೆ ಅವಕ್ಕೂ ಸಾಕಾಯಿತು. ಓತಿಕ್ಯಾತ ಯೋಚಿಸಿ ಯೋಚಿಸಿ, ಒಂದು ಮುಂಜಾನೆ ಗುಡ್ಡ ಇಳಿದು ಕೆಳಗಿನ ಊರಿಗೇ ಬಂದ. ಬಾವಿಕಟ್ಟೆ ಹತ್ತಿ ನಿಂತು ಹೇಳಿದ: "ಹಳೇ ಊರು ತೋರಿಸ್ತೀನ್ರಿ. ಮುಂಜಾನೆ ಹೋಗಿ ಸಂಜಿಗೆ ವಾಪಸ್. ದಾರಿ ತೋರಿಸಾಂವ ನಾನು."

ಬಾವಿಕಟ್ಟೆಯ ಹತ್ತಿರ ಬಾಳವ್ವ ಇದ್ದಳು. ಎಪ್ಪತ್ತು ದಾಟಿದ ಮುದುಕಿ. ಪಕ್ಕದಲ್ಲಿ ಸೊಸೆ ಕಾಶವ್ವ, ನಾಲಿಗೆ ಚುರುಕು. ಬಾಳವ್ವನ ಅಜ್ಜಿ ಹುಟ್ಟಿ ಬೆಳೆದದ್ದು ಮೇಲಿನ ಊರಿನಲ್ಲಿ. ಆ ಅಜ್ಜಿ ಎಡಚಿ. ಅವಳ ಒಳ್ಳಿನ ಅಂಚು ಎಲ್ಲರ ಒಳ್ಳಿನ ಹಾಗೆ ಬಲಕ್ಕೆ ಸವೆಯದೆ ಎಡಕ್ಕೆ ಸವೆದಿತ್ತಂತೆ. ಸಾಯುವ ಮೊದಲು ಒಮ್ಮೆ ಆ ಒಳ್ಳನ್ನು ಮುಟ್ಟಿ ಬರಬೇಕು ಅನ್ನುವುದು ಬಾಳವ್ವನ ಆಸೆ. ಅವಳೂ ಎಡಚಿಯೇ.

"ಮದುವಿ ಆಗಿ ಬಂದಾಗಿಂದ ಈ ಒಳ್ಳಿನ ಕತಿ ಕೇಳಾಕತ್ತೀನಿ" ಅಂದಳು ಕಾಶವ್ವ. "ಒಳ್ಳು ಐತೋ ಇಲ್ಲೋ, ಕತಿ ಅಂತೂ ಸವದು ಹೋಗೇತಿ."

ಬಾಳವ್ವ ಅವಳ ಮಾತು ಕೇಳಿಸಲಿಲ್ಲ ಅನ್ನುವಂತೆ ಓತಿಕ್ಯಾತನ ಕಡೆ ತಿರುಗಿದಳು. "ಯಪ್ಪಾ, ನನ್ನ ಮೊಣಕಾಲು ನೋಯ್ತಾವು. ದಾರಿಗೆ ಮೆಟ್ಟಿಲದಾವೇನು?"

"ಹೌದ್ರಿ, ಹೌದ್ರಿ."

"ಕುಡಿಯಾಕ ನಡುವ ನೀರು ಸಿಗ್ತಾವೇನು?"

"ಹೌದ್ರಿ, ಹೌದ್ರಿ."

"ನಮ್ಮಜ್ಜಿ ಒಳ್ಳು ಅಲ್ಲೇ ಐತೇನು?"

ಓತಿಕ್ಯಾತ ಅವಳ ಮುಖ ನೋಡಿದ. ಇಲ್ಲ ಅನ್ನಲು ಮನಸ್ಸೇ ಬರಲಿಲ್ಲ. ತಲೆ ಮೇಲೆ ಕೆಳಗೆ ಆಡಿಸಿದ. "ಹೌದ್ರಿ, ಹೌದ್ರಿ."

ಕಾಶವ್ವ ಬುತ್ತಿ ಕಟ್ಟಿದಳು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬರಿ ಜೋಳದ ನುಚ್ಚು, ಗಡಿಗೆಯಲ್ಲಿ ಮಜ್ಜಿಗೆ. ಜೊತೆಗೆ ಒಂದು ತಾಟು, ಒಂದು ಖಾಲಿ ಕೊಡ. ಹೊರಡುವಾಗ ಒಂದು ಆಡು ಬಂದು ಸೇರಿಕೊಂಡಿತು. ಒಂದು ಆಮೆಯೂ ಬಂತು. "ನೀ ಏನು ತಂದೀಯಪಾ?" ಅಂತ ಕಾಶವ್ವ ಕೇಳಿದರೆ, "ಮನೀನೇ ತಂದೀನಿ" ಅಂದಿತು ಆಮೆ.

ಮೊದಲು ಓತಿಕ್ಯಾತ, ಹಿಂದೆ ಆಡು, ಅದರ ಹಿಂದೆ ಅತ್ತೆ ಸೊಸೆ, ಕೊನೆಗೆ ಆಮೆ. ಲೋಕದ ಮೊದಲ ಪ್ರವಾಸ ಹೊರಟಿತು.

ಬುಡದಲ್ಲಿ ಎಲ್ಲ ಚೆನ್ನಾಗಿತ್ತು. ಸ್ವಲ್ಪ ಮೇಲೆ ಹೋದ ಮೇಲೆ ಬಂಡೆ ಕಡಿದಾಯಿತು. ಇನ್ನೂ ಮೇಲೆ ಹೋದ ಮೇಲೆ ಬಂಡೆ ಕಾದ ಹಂಚಾಯಿತು. ಬಾಳವ್ವ ಕೈಯೂರಿ, ಮೊಣಕಾಲೂರಿ, ಸೆರಗು ಸೊಂಟಕ್ಕೆ ಸಿಗಿಸಿ ಅರ್ಧ ಗುಡ್ಡ ಹತ್ತಿದಳು. ಆಮೇಲೆ ಮೇಲೂ ಹೋಗಲಾಗದು, ಕೆಳಗೂ ಇಳಿಯಲಾಗದು. ಒಂದು ಅಂಗೈಯಗಲದ ಉಬ್ಬಿಗೆ ಬೆನ್ನು ಆನಿಸಿ ಕೂತುಬಿಟ್ಟಳು.

"ಕಾಲಿಡೋದಷ್ಟೇ, ಅದರಾಗೇನೈತಿ" ಅಂತ ಆಡು ಮೇಲಿಂದ ಬುದ್ಧಿ ಹೇಳಿತು.

"ನಾಲ್ಕು ಕಾಲಿದ್ದವ್ರು ಸುಮ್ನ ಕುಂದರ್ರಿ" ಅಂದಳು ಕಾಶವ್ವ. ಆಮೆಗೂ ನಾಲ್ಕು ಕಾಲಿದ್ದವು. ಆದರೆ ಅದು ಆಗಲೇ ಎರಡು ಸಲ ಜಾರಿ ಮಗುಚಿ ಬಿದ್ದಿತ್ತು, ಹಾಗಾಗಿ ಸುಮ್ಮನೇ ಇತ್ತು.

ಮಜ್ಜಿಗೆ ಅರ್ಧ ಗಡಿಗೆ ಮಾತ್ರ ಉಳಿದಿತ್ತು, ಅದು ಊಟಕ್ಕೆ ಬೇಕೆಂದು ಬಾಳವ್ವ ಮುಟ್ಟಲಿಲ್ಲ. ಬಾಳವ್ವನ ತುಟಿ ಒಣಗಿ ಬಿಳಿಚಿತು. ಪಕ್ಕದಲ್ಲೇ ಬೆಳ್ಳವ್ವ ಭೋರೆಂದು ಓಡುತ್ತಿದ್ದಳು. ಕಾಶವ್ವ ಕೊಡ ಹಿಡಿದಳು. "ಬಂದೆ, ಬಂದೆ, ಹೋದೆ, ಹೋದೆ." ಕೊಡ ಹೋಯಿತು.

ಕಾಶವ್ವ ಓತಿಕ್ಯಾತನ ಕಡೆ ತಿರುಗಿದಳು. ಅವಳು ಕೂಗಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ಮೆಟ್ಟಿಲದಾವು ಅಂದಿ. ನೀರು ಸಿಗ್ತಾವು ಅಂದಿ. ನಮ್ಮತ್ತಿ ಒಣಗಾಕತ್ತಾಳ. ಈಗ ಹೇಳು, ಯಾಕ ಸುಳ್ಳು ಹೇಳಿದಿ?"

ಓತಿಕ್ಯಾತ ನೆಲ ನೋಡಿದ. "ಇಲ್ಲ ಅಂದ್ರ ನೀವು ಬರ್ತಿರ್ಲಿಲ್ರಿ. ಮ್ಯಾಲೆ ನಾ ಒಬ್ಬನ ಇರ್ತೀನಿ."

ಸುಮ್ಮನೆ ಅಡ್ಡಾಡುತ್ತಿದ್ದ ಗಾಳಿ ಹತ್ತಿರ ಬಂದು ಅವನ ಕಿವಿಯಲ್ಲಿ ಹೇಳಿತು: "ಬೆಳ್ಳವ್ವ ಓಡೋವಾಗ ಯಾರ ಮಾತೂ ಕೇಳೂದಿಲ್ಲಪಾ. ಅಕಿ ಬಂಡೆಗಲ್ಲಿಂದ ಹೊರಗ ಕಾಲಿಡೂ ಮೊದಲ ಹಿಡಿಬೇಕು."

ಓತಿಕ್ಯಾತ ಬಾಲ ಎತ್ತಿ ಓಡಿದ. ನೆತ್ತಿ ಮುಟ್ಟಿದ. ಬೆಳ್ಳವ್ವ ಹುಟ್ಟುವ ಬಂಡೆಯ ಬಿರುಕಿಗೆ ಅಡ್ಡಲಾಗಿ ಮಲಗಿ, ನಾಲ್ಕೂ ಕಾಲಿನ ಉಗುರಿನಿಂದ ಕಲ್ಲನ್ನು ಗಟ್ಟಿಯಾಗಿ ಹಿಡಿದ.

"ಸರಿಯೋ" ಅಂದಳು ಬೆಳ್ಳವ್ವ ಒಳಗಿಂದ. "ನನಗ ದಾರಿ ಬಿಡ್ತೀಯಲ್ಲೋ?"

ಇಡೀ ಲೋಕದಲ್ಲಿ ಯಾರು ಏನು ಕೇಳಿದರೂ ಹೌದು ಅಂದವನು ಅವನು. ಬಾಯಿ ತೆರೆದ. ಬೇಕಾದ ಮಾತು ಬರಲೊಲ್ಲದು. ಮತ್ತೊಮ್ಮೆ ತೆರೆದ.

"ಇಲ್ಲ" ಅಂದ.

ನೀರು ಅವನ ಎದೆಗೆ ಗುದ್ದಿತು. ಮೂಗಿಗೆ ಗುದ್ದಿತು. ಅವನು ಕಾಲು ಬಿಡಲಿಲ್ಲ.

ಬೆಳ್ಳವ್ವನಿಗೆ ಆಶ್ಚರ್ಯ. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಇಲ್ಲ ಅಂದಿರಲಿಲ್ಲ. ಅಂದಿದ್ದರೂ ಕೇಳಿಸಿಕೊಳ್ಳುವಷ್ಟು ಹೊತ್ತು ಅವಳು ನಿಂತಿರಲಿಲ್ಲ. "ಏನಾತು?" ಅಂದಳು.

ಅವನು ಎಲ್ಲ ಹೇಳಿದ. ಕೊಡಗಳ ಕತೆ, ಬಿಟ್ಟು ಹೋದ ಊರಿನ ಕತೆ, ಅರ್ಧ ಗುಡ್ಡದಲ್ಲಿ ಒಣಗುತ್ತಿರುವ ಮುದುಕಿಯ ಕತೆ.

"ನನ್ನಿಂದ ಊರ ಖಾಲಿ ಆತೇನು?" ಅಂದಳು ಬೆಳ್ಳವ್ವ ಸಣ್ಣ ದನಿಯಲ್ಲಿ. "ನನಗೂ ನಿಲ್ಲೂ ಆಸೆ ಐತೋ. ಇಡೀ ಗುಡ್ಡ ಇಳಿಜಾರು. ಎಲ್ಲಿ ಕುಂದರ್ಲಿ ಹೇಳು."

ಅದು ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಮೆಲ್ಲಗೆ, ಬೆಳ್ಳವ್ವ ಅವನ ಬಾಲ ಹಿಡಿದುಕೊಂಡು, ಬಾಳವ್ವ ಕೂತಲ್ಲಿಗೆ ಇಳಿದು ಬಂದರು.

ಬಾಳವ್ವ ಮೊದಲು ಎರಡು ಬೊಗಸೆ ನೀರು ಕುಡಿದಳು. ಮುಖ ತೊಳೆದಳು. ಆಮೇಲೆ ಹಳ್ಳದ ಕಷ್ಟ ಕೇಳಿ ನಕ್ಕಳು.

"ಇಷ್ಟೇನ? ಕಾಶೀ, ತಾಟು ತಗಿ. ನುಚ್ಚು ಬಡಸು."

ಬಂಡೆಯ ಇಳಿಜಾರಿನಲ್ಲಿ ತಾಟು ಓರೆಯಾಗಿಯೇ ಕೂತಿತು. ಬಾಳವ್ವ ಮಜ್ಜಿಗೆ ಸುರಿದಳು. ಮಜ್ಜಿಗೆ ಸರ್ರನೆ ಹರಿದು ತಾಟಿನ ಅಂಚು ದಾಟಿ ಆಮೆಯ ಬೆನ್ನ ಮೇಲೆ ಬಿತ್ತು. ಆಮೆಗೆ ಅದೇ ತಂಪಾಯಿತು.

"ನೋಡಿದೇನವಾ, ಇದು ನೀನು" ಅಂದಳು ಬಾಳವ್ವ.

ಆಮೇಲೆ ಎಡಗೈಯಿಂದ ನುಚ್ಚನ್ನು ಒತ್ತಿ ಒತ್ತಿ ಸುತ್ತ ಒಂದು ಕಟ್ಟೆ ಮಾಡಿದಳು. ನಡುವೆ ಗುಳಿ. ಮನೆಯಲ್ಲಿ ಮಕ್ಕಳಿಗೆ ಊಟ ಮಾಡಲು ಕಲಿಸುವಾಗ ಎಲ್ಲ ತಾಯಂದಿರೂ ಮೊದಲು ಕಲಿಸುವುದು ಇದನ್ನೇ. ಕಟ್ಟೆ ಕಟ್ಟದೆ ಮಜ್ಜಿಗೆ ಹಾಕಿಸಿಕೊಂಡ ಮಗು ತೊಡೆ ತೊಳೆಯಬೇಕಾಗುತ್ತದೆ. ಬಾಳವ್ವ ಮತ್ತೆ ಮಜ್ಜಿಗೆ ಸುರಿದಳು. ತಾಟು ಓರೆಯೇ, ಮಜ್ಜಿಗೆ ಮಾತ್ರ ಗುಳಿಯಲ್ಲಿ ಅಲುಗದೆ ಕೂತಿತು.

"ಮದಲು ಕಟ್ಟಿ, ಆಮ್ಯಾಲೆ ಕುಂದ್ರೂದು" ಅಂದಳು. "ಮಡಿಲಾಗ ಇಷ್ಟು ಸುಣ್ಣ ಇಟಗೊಂಡು ಜಾಗ ಇಲ್ಲ ಅಂತೀಯಲ್ಲ."

ಬೆಳ್ಳವ್ವ ಮಡಿಲು ಬಿಚ್ಚಿದಳು. ಹಿಡಿ ಹಿಡಿ ಸುಣ್ಣ ತೆಗೆದು ಬಂಡೆಯ ಮೇಲೆ ಒತ್ತಿದಳು. ಮೊದಲ ಕಟ್ಟೆ ಸೊಟ್ಟಗಾಯಿತು. "ಇರಲಿ ಬಿಡು, ನಮ್ಮ ಕಾಶಿ ಮದಲ ರೊಟ್ಟಿನೂ ಹಂಗ ಇತ್ತು" ಅಂದಳು ಬಾಳವ್ವ. ಕಾಶವ್ವ ಕಣ್ಣು ದೊಡ್ಡದು ಮಾಡಿದಳು, ಆದರೆ ನಕ್ಕಳು.

ಕಟ್ಟೆಯೊಳಗೆ ಬೆಳ್ಳವ್ವ ಕೂತಳು. ಹುಟ್ಟಿದ ಮೇಲೆ ಮೊದಲ ಸಲ ಕೂತಳು. "ಉಸ್ಸಪ್ಪಾ" ಅಂದಳು. ಕೂತ ಮೇಲೆ ಅವಳಿಗೆ ಆಕಾಶ ಕಂಡಿತು. ಓಡುವಾಗ ಅವಳಿಗೆ ಬರೀ ಬಂಡೆ ಕಾಣುತ್ತಿತ್ತು. ಆಕಾಶ ಇಷ್ಟು ನೀಲಿ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಆ ನೀಲಿಯನ್ನು ಅಲ್ಲೇ ಒಂದಿಷ್ಟು ಬಳಿದುಕೊಂಡಳು.

ಒಂದು ರುಚಿ ಹತ್ತಿದ ಮೇಲೆ ಬಿಡುವುದುಂಟೇ? ಅದರ ಮೇಲೊಂದು ಕಟ್ಟೆ ಕಟ್ಟಿದಳು, ಕೂತಳು, ಉಸ್ಸಪ್ಪಾ. ಅದರ ಕೆಳಗೊಂದು ಕಟ್ಟೆ ಕಟ್ಟಿದಳು, ಕೂತಳು, ಉಸ್ಸಪ್ಪಾ. ನೆತ್ತಿಯಿಂದ ಬುಡದವರೆಗೆ ಗುಡ್ಡ ಬಿಳಿ ಮೆಟ್ಟಿಲಾಯಿತು. ಮೆಟ್ಟಿಲು ಮೆಟ್ಟಿಲಿಗೆ ಒಂದು ತಾಟು ನೀರು.

ಬಾಳವ್ವ ಒಂದೊಂದೇ ಮೆಟ್ಟಿಲು ಹತ್ತಿದಳು. ಮೊಣಕಾಲು ನೋವಾದಾಗ ತಣ್ಣನೆಯ ನೀರಿನಲ್ಲಿ ಕಾಲಿಟ್ಟು ಕೂತಳು. ಆಮೆಯನ್ನು ಕಾಶವ್ವ ಕಂಕುಳಲ್ಲಿ ಇಟ್ಟುಕೊಂಡಳು. ಆಡು ಮಾತ್ರ ಮೆಟ್ಟಿಲ ಮೇಲೆ ಕಾಲಿಡದೆ ಅಂಚಿನಲ್ಲೇ ನಡೆಯಿತು. ಅದಕ್ಕೆ ಅದರ ಮರ್ಯಾದೆ.

ಮೇಲಿನ ಊರಿನ ತುಂಬ ಗೋಡೆ. ಗೋಡೆ ಗೋಡೆಯ ಹಿಂದೆ ಒಂದು ಒಳ್ಳು. ಅಷ್ಟೂ ಒಳ್ಳುಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ಬಾಳವ್ವ ಮೊದಲನೆಯದರ ಮುಂದೆ ನಿಂತಳು.

"ಯಪ್ಪಾ, ಇದೇನು ನಮ್ಮಜ್ಜೀದು?"

ಓತಿಕ್ಯಾತ ಲೆಕ್ಕ ಹಾಕಿದ. ಹೌದು ಅಂದರೆ ಮುದುಕಿ ಇಲ್ಲೇ ಕೂತು ಹಿಗ್ಗುತ್ತಾಳೆ, ನಾಳೆಯೂ ಬರುತ್ತಾಳೆ. ಗೊತ್ತಿಲ್ಲ ಅಂದರೆ ಗಿಳಿಯ ಹಾಗೆ ಎದ್ದು ಹೋಗುತ್ತಾಳೆ.

"ಗೊತ್ತಿಲ್ರಿ" ಅಂದ. ತಲೆ ಮಾತ್ರ, ರೂಢಿಯಂತೆ, ಮೇಲೆ ಕೆಳಗೆ ಆಡಿತು. ಅವನು ಕತ್ತು ಬಿಗಿ ಹಿಡಿದ. ಆದರೂ ಆಡಿತು.

ಬಾಳವ್ವ ಅವನನ್ನು ಒಂದು ಗಳಿಗೆ ನೋಡಿದಳು. "ಗೊತ್ತಿಲ್ದಿದ್ರ ಹುಡುಕೂಣು ನಡಿ" ಅಂದಳು.

ಅವಳು ಎದ್ದು ಹೋಗಲಿಲ್ಲ. ಇದನ್ನು ನಂಬಲು ಓತಿಕ್ಯಾತನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಎಲ್ಲರೂ ಹುಡುಕಿದರು. ಆಡು ಹುಲ್ಲು ತಿನ್ನುತ್ತ ಒಂದೊಂದೇ ಒಳ್ಳು ಖಾಲಿ ಮಾಡಿತು. ಕಾಶವ್ವ ಮಣ್ಣು ಬಗೆದಳು. ಬಲಕ್ಕೆ ಸವೆದದ್ದು. ಇದೂ ಬಲಕ್ಕೆ. ಇದೂ ಬಲಕ್ಕೆ. ಬಿಸಿಲು ಇಳಿಯತೊಡಗಿತು. ಕೊನೆಗೆ ಹುಣಸೆ ಮರದ ಕೆಳಗಿನ ಬಿದ್ದ ಗೋಡೆಯ ಹಿಂದಿನಿಂದ ಕಾಶವ್ವನ ದನಿ ಬಂತು.

"ಅತ್ತೀ. ಇಲ್ಲಿ ಬರ್ರಿ."

ಬಾಳವ್ವ ಕೂತು ಎಡಗೈಯನ್ನು ಒಳ್ಳಿನ ಎಡ ಅಂಚಿನ ಮೇಲಿಟ್ಟಳು. ಕಲ್ಲು ಅಲ್ಲಿ ಅಂಗೈಯಷ್ಟೇ ಸವೆದಿತ್ತು. ಕೈ ಅಲ್ಲಿ ಸರಿಯಾಗಿ ಕೂತಿತು. ತೆಗೆಯಲು ಮನಸ್ಸಾಗದೆ ಅವಳು ಹಾಗೇ ಇದ್ದಳು.

ಕಾಶವ್ವ ಕೈಯ ಮಣ್ಣು ಕೊಡವುತ್ತ ಅಂದಳು: "ಒಂದಿಷ್ಟು ಕೊಬ್ಬರಿ, ಬಳ್ಳೊಳ್ಳಿ ತರಬೇಕಾಗಿತ್ತು. ಅರಕೊಂಡ ಹೋಗಬಹುದಿತ್ತು."

"ಬರೋ ಅಮಾಸಿಗೆ ತರೂಣು" ಅಂದಳು ಬಾಳವ್ವ. "ಈಗೇನು, ಮೆಟ್ಟಿಲದಾವು. ನೀರು ಸಿಗ್ತಾವು. ದಾರಿ ತೋರಿಸಾಂವನೂ ಅದಾನ." ಓತಿಕ್ಯಾತನ ಕಡೆ ತಿರುಗಿದಳು. "ಇರ್ತೀಯಲ್ಲಪಾ?"

ಅವನು ಬಾಯಿ ತೆರೆಯುವ ಮೊದಲೇ ತಲೆ ಆಡಿತು. ಈ ಸಲ ಅದು ನಿಜವೇ ಆಗಿತ್ತು.

ಅವತ್ತಿನಿಂದ ಓತಿಕ್ಯಾತನ ಬಾಯಿ ಸುಮ್ಮಸುಮ್ಮನೆ ಹೌದ್ರಿ ಅನ್ನುವುದನ್ನು ಬಿಟ್ಟಿತು. ಬಾಯಿ ಬಿಟ್ಟ ಚಟವನ್ನು ಕತ್ತು ಬಿಡಲಿಲ್ಲ.

ಅದಕ್ಕೇ ನೀವು ಒಂದು ದಿನದ ಪ್ರವಾಸಕ್ಕೆ ಅಂತ ವ್ಯಾನು ಹತ್ತಿ, ಗೈಡಿನ ಹಿಂದೆ ಸಾಲಾಗಿ ನಡೆದು ಆ ಬಿಳಿ ಗುಡ್ಡಕ್ಕೆ ಹೋದರೆ, ಮೆಟ್ಟಿಲು ಮೆಟ್ಟಿಲಿನಲ್ಲೂ ನೀಲಿ ನೀರು ಉಸ್ಸಪ್ಪಾ ಅಂತ ಕೂತಿರುತ್ತದೆ, ಮೇಲಿನ ಪಾಳು ಗೋಡೆಯ ಮೇಲೆ ಒಂದು ಓತಿಕ್ಯಾತ ಬಾಯಿ ಮುಚ್ಚಿಕೊಂಡು, ಯಾರಾದರೂ ಏನಾದರೂ ಕೇಳುವ ಮೊದಲೇ, ಇರ್ತೀನಿ ಬರ್ರಿ ಅನ್ನುವಂತೆ ತಲೆಯಾಡಿಸುತ್ತಿರುತ್ತದೆ.