ಗೋಡೆಯೊಳಗೆ ಇಲ್ಲದ ತಂತಿ

ಹೊಳೆದಂಡೆಯ ಆಶ್ರಮದಲ್ಲಿ ವಯಸ್ಸಾದ ಯಾತ್ರಿಕರಿಗೆಂದು ಹೊಸ ಸ್ನಾನದ ಮನೆ ಕಟ್ಟಿದ್ದರು. ಮರುದಿನ ಬೆಳಿಗ್ಗೆ ಅದರ ಪ್ರವೇಶ.

ಶಿಷ್ಯ ಶಂಭುಲಿಂಗ ಆಶ್ರಮ ಸೇರುವ ಮುಂಚೆ ವೈರಿಂಗ್ ಕೆಲಸ ಮಾಡುತ್ತಿದ್ದವನು. ಈ ಕಟ್ಟಡದ ವೈರಿಂಗ್ ಅವನದೇ. ಗಾರೆಯವರು ಅವಸರ ಮಾಡಿದರು, ಇವನೂ ಹೂಂ ಅಂದುಬಿಟ್ಟ. ಗೀಸರಿಗೆ ಅರ್ಥಿಂಗ್ ತಂತಿ ಎಳೆಯುವ ಮೊದಲೇ ಗೋಡೆಗೆ ಗಾರೆ ಬಿತ್ತು. ಅಷ್ಟು ನಯವಾದ ಗೋಡೆಯನ್ನು ಮತ್ತೆ ಒಡೆಯಲು ಮನಸ್ಸಾಗಲಿಲ್ಲ.

ಆದರೂ ಅವನಿಗೆ ಊಟ ಸೇರಲಿಲ್ಲ. ಗುರುಗಳ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ.

"ಕಟ್ಟಡದ ನಿಯಮ ಏನು ಹೇಳುತ್ತೆ?" ಗುರುಗಳು ಕೇಳಿದರು.

"ಒಳಗಿರೋರಿಗೆ ಕರೆಂಟಿನಿಂದ ಅಪಾಯ ಆಗಬಾರದು ಅನ್ನುತ್ತೆ, ಬುದ್ಧಿ."

"ಹೇಗೆ ಅಂತ ಹೇಳುತ್ತಾ?"

"ಇಲ್ಲ. ಯಾವ ತಂತಿ, ಎಷ್ಟು ದಪ್ಪ, ಅರ್ಥಿಂಗ್ ಎಲ್ಲಿಂದ ಎಲ್ಲಿಗೆ, ಅದೆಲ್ಲ ವೈರಿಂಗಿನ ಮಾನದಂಡದಲ್ಲಿರುತ್ತೆ. ಅದು ಬೇರೆ ಪುಸ್ತಕ."

"ಎರಡರ ನಡುವೆ ಯಾರಿದ್ದಾರೆ?"

ಶಂಭುಲಿಂಗ ತಲೆ ತಗ್ಗಿಸಿದ. "ನಾನೇ. ಮಾನದಂಡದ ಪ್ರಕಾರ ಮಾಡಿದ್ದೀನಿ ಅಂತ ಹೇಳಿದೆ. ನನ್ನ ಮಾತು ನಂಬಿ ಅಧಿಕಾರಿಗಳು ಕಟ್ಟಡಕ್ಕೆ ಒಪ್ಪಿಗೆ ಕೊಟ್ಟರು."

ಗುರುಗಳು ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಕೈಗೆತ್ತಿಕೊಂಡರು. ಶಂಭುಲಿಂಗ ಅವಸರದಿಂದ ಮಾತು ಮುಂದುವರಿಸಿದ.

"ಗೀಸರ್ ಹೊಸದು, ಬುದ್ಧಿ. ಅದು ಕೆಟ್ಟು ಅದರ ಲೋಹದ ಮೈಗೆ ಕರೆಂಟ್ ಬಂದರೆ ಮಾತ್ರ, ಅದನ್ನ ನೆಲಕ್ಕೆ ಇಳಿಸೋಕೆ ಆ ತಂತಿ ಬೇಕು. ಈಗ ಗೋಡೆ ಒಡೆದರೆ ನಾಳೆ ಪ್ರವೇಶ ನಿಲ್ಲುತ್ತೆ. ಎಲ್ಲರ ಮುಂದೆ ನನ್ನ ಮಾನ ಹೋಗುತ್ತೆ."

ಗುರುಗಳು ಎದ್ದು ಸ್ನಾನದ ಮನೆಗೆ ನಡೆದರು. ಶಂಭುಲಿಂಗ ಹಿಂದೆ ಹೋದ.

ಅಲ್ಲಿ ಅವರು ಚೊಂಬಿನ ನೀರನ್ನು ಕೈಮೇಲೆ ಸುರಿದುಕೊಂಡರು. ಬರಿಗಾಲು ಒದ್ದೆ ನೆಲದ ಮೇಲಿತ್ತು. ಒದ್ದೆ ಅಂಗೈಯನ್ನು ಗೀಸರಿನ ಲೋಹದ ಮೈಮೇಲೆ ಒತ್ತಿ ಹಿಡಿದರು.

"ಸ್ವಿಚ್ ಹಾಕು," ಅಂದರು.

ಶಂಭುಲಿಂಗನ ಕೈ ಸ್ವಿಚ್ಚಿನವರೆಗೆ ಹೋಯಿತು. ಅಲ್ಲೇ ನಿಂತಿತು.

"ಯಾಕೆ? ಗೀಸರ್ ಕೆಟ್ಟಿದೆಯಾ?"

"ಇಲ್ಲ, ಬುದ್ಧಿ."

"ಕಟ್ಟಡಕ್ಕೆ ಒಪ್ಪಿಗೆ ಇಲ್ಲವಾ?"

"ಇದೆ."

"ಹಾಗಾದರೆ ಹಾಕು."

ಶಂಭುಲಿಂಗ ಆ ಒದ್ದೆ ಅಂಗೈಯನ್ನು ನೋಡಿದ. ಆಶ್ರಮ ಸೇರಿದಾಗಿನಿಂದ ಇಪ್ಪತ್ತು ವರ್ಷ ತನಗೆ ಅನ್ನ ಹಾಕಿದ ಕೈ ಅದು. ಅವನಿಗೆ ಅಳು ಬಂತು.

"ನನ್ನಿಂದ ಆಗಲ್ಲ, ಬುದ್ಧಿ. ನೀವು ಮೊದಲು ಕೈ ತೆಗೀರಿ."

ಗುರುಗಳು ಕೈ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು.

"ನಿನಗೆ ಗೊತ್ತಿತ್ತು, ನಿನ್ನ ಕೈ ನಿಂತಿತು. ನಾಳೆ ಬರೋರಿಗೆ ಯಾರು ಹೇಳ್ತಾರೆ, ಶಂಭುಲಿಂಗ?"